ಮುನ್ನೂರ ಹನ್ನೆರಡು ಹೆಸರುಗಳ ಪುಸ್ತಕ

ಇತಾ ಮೊರೋತಿಯಲ್ಲಿ ನಿಮಿಯಾ ಒವೆಲಾರ್ ಎರಡು ಸಂಗತಿಗಳಿಗೆ ಹೆಸರಾದವಳು: ಶಾಲೆಯ ಸಮವಸ್ತ್ರದ ಹೊಲಿಗೆಗೆ, ಮತ್ತು ಬಿಡದೆ ಹಗೆ ಸಾಧಿಸುವುದಕ್ಕೆ. ಮೊದಲನೆಯದು ತಾಯಿಯಿಂದ ಬಂದದ್ದು, ಎರಡನೆಯದು ತಂದೆಯಿಂದ. ಅವಳು ಹೊಲಿದ ಅಂಗಿಯ ಕಾಲರು ವರ್ಷ ತುಂಬುವವರೆಗೂ ಮಡಿಕೆ ಬಿಡುತ್ತಿರಲಿಲ್ಲ. ಅವಳು ಮಾತು ಬಿಟ್ಟ ಮನೆಯ ಮುಂದೆ ಅವಳ ನೆರಳೂ ಹಾಯುತ್ತಿರಲಿಲ್ಲ.

ತಂದೆ ಕ್ರಿಸ್ಪುಲೋ ಒವೆಲಾರ್ ಊರಿನಲ್ಲಿ ನೇರಳೆ ಪಕ್ಷದ ಸಮಿತಿಯನ್ನು ಕಟ್ಟಿದವನು. ಪರಗ್ವೆಯ ಆ ಸೀಮೆಯಲ್ಲಿ ಪಕ್ಷಕ್ಕೆ ಯಾರೂ ಸೇರುವುದಿಲ್ಲ, ಪಕ್ಷದಲ್ಲಿ ಹುಟ್ಟುತ್ತಾರೆ. ಕೊರಳಿಗೆ ಹಳದಿ ಕರವಸ್ತ್ರ ಕಟ್ಟುವ ಮನೆಯ ಮಗು ಹಳದಿ, ನೇರಳೆ ಕಟ್ಟುವ ಮನೆಯ ಮಗು ನೇರಳೆ. ದೀಕ್ಷಾಸ್ನಾನಕ್ಕೂ ಮೊದಲೇ ಅದು ತೀರ್ಮಾನವಾಗಿರುತ್ತದೆ. ಹಳದಿಯವರು ಊರಿನ ಬಹುಪಾಲು. ಠಾಣೆ, ಶಾಲೆ, ರಸ್ತೆಯ ಜಲ್ಲಿ ಎಲ್ಲವೂ ಅವರದು. ಅವರು ಮದವೇರಿ ಆಳುತ್ತಿದ್ದ ಕಾಲದಲ್ಲಿ ಕ್ರಿಸ್ಪುಲೋ ಮೂರು ಸಲ ಠಾಣೆಯ ನೆಲದ ಮೇಲೆ ಮಲಗಿ ಬಂದ. ಸದಸ್ಯರ ಪುಸ್ತಕವನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ. ಅಂಗಳದ ಮಣ್ಣಿನ ಒಲೆಯೊಳಗೆ ಬಚ್ಚಿಟ್ಟ. ಒಮ್ಮೆ ಹೆಂಡತಿ ತಿಳಿಯದೆ ಚೀಪಾ ರೊಟ್ಟಿ ಸುಡಲು ಬೆಂಕಿ ಹಾಕಿದ್ದರಿಂದ ಅದರ ಒಂದು ಮೂಲೆ ಕರಕಲಾಯಿತು. ತಂದೆ ಸತ್ತ ಮೇಲೆ ಪುಸ್ತಕವೂ ಸಮಿತಿಯ ಅಧ್ಯಕ್ಷಗಿರಿಯೂ ನಿಮಿಯಾಳ ಕೈಗೆ ಬಂದವು. ಸಮಿತಿಯೆಂದರೆ ಅವಳ ಮನೆಯ ಜಗಲಿ, ನಲವತ್ತು ಕುರ್ಚಿ, ಒಂದು ಬಾವುಟ.

ಪುಸ್ತಕಕ್ಕೆ ಕ್ರಿಸ್ಪುಲೋ ಮಾಡಿದ ಎರಡು ನಿಯಮಗಳಿದ್ದವು. ಸದಸ್ಯರು ಸತ್ತರೆ ಹೆಸರು ಹೊಡೆಯಬಾರದು, ಗುರುತನ್ನೂ ಹಾಕಬಾರದು. ಸಾವು ಪಕ್ಷಾಂತರವಲ್ಲ ಎಂದು ಅವನು ಹೇಳುತ್ತಿದ್ದ. ಪ್ರತಿ ನವೆಂಬರ್ ಎರಡರಂದು, ಚರ್ಚಿನಲ್ಲಿ ಸತ್ತವರ ಹೆಸರಿನಲ್ಲಿ ನಡೆಯುವ ಬಲಿಪೂಜೆಯಲ್ಲಿ ಅಗಲಿದ ನೇರಳೆಯವರನ್ನು ಅದೇ ಪುಸ್ತಕ ನೋಡಿ ನೆನೆಯುವುದು ವಾಡಿಕೆ. ಬದುಕಿದವರ ನಡುವೆ ಬೆರೆತುಹೋದ ಸತ್ತವರನ್ನು ನಿಮಿಯಾ ಬರಿಯ ನೆನಪಿನಿಂದ ಹೆಕ್ಕಿ ಓದುತ್ತಿದ್ದಳು. ಒಂದು ವರ್ಷವೂ ಒಂದು ಹೆಸರೂ ತಪ್ಪಿದ್ದಿಲ್ಲ. ಎರಡನೆಯ ನಿಯಮ ಬದುಕಿದವರಿಗೆ ಸಂಬಂಧಿಸಿದ್ದು. ನೇರಳೆ ಮನೆಯ ಹೆಣ್ಣು ಹಳದಿಯವನನ್ನು ಮದುವೆಯಾದರೆ ಅವಳ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಬೀಳುತ್ತಿತ್ತು, ಅವಳ ಕರವಸ್ತ್ರ ಸಮಿತಿಗೆ ವಾಪಸಾಗುತ್ತಿತ್ತು. ಹೀಗೆ ಗೆರೆ ಎಳೆಸಿಕೊಂಡವರಲ್ಲಿ ನಿಮಿಯಾಳ ತಂಗಿ ಎಲಿಹಿಯಾಳೂ ಒಬ್ಬಳು. ಗೆರೆ ಎಳೆ ಎಂದವನು ತಂದೆ. ಎಳೆದ ಕೈ ನಿಮಿಯಾಳದು. ಅದು ಮೂವತ್ತನಾಲ್ಕು ವರ್ಷದ ಹಿಂದಿನ ಮಾತು. ಅಂದಿನಿಂದ ಅಕ್ಕತಂಗಿಯರು ಮಾತಾಡಿರಲಿಲ್ಲ.

ಆ ಅಕ್ಟೋಬರಿನ ನಗರಸಭೆ ಚುನಾವಣೆಯಲ್ಲಿ ನೇರಳೆಯವರು ತಮಗಿದ್ದ ಒಂದೇ ಒಂದು ಸ್ಥಾನವನ್ನೂ ಕಳೆದುಕೊಂಡರು. ಒಂದು ಸ್ಥಾನಕ್ಕೆ ಇನ್ನೂರೈವತ್ತು ಮತ ಬೇಕಿತ್ತು. ಅಭ್ಯರ್ಥಿ ದೆರ್ಲಿಸ್ ಆಕಿನೊ, ರಾಜಧಾನಿಯಲ್ಲಿ ಓದಿ ಮರಳಿದ ಮೂವತ್ತೊಂದರ ಶಾಲಾ ಮೇಷ್ಟ್ರು, ಪುಸ್ತಕದ ಹೆಸರುಗಳನ್ನು ಎಣಿಸಿ, ಕೆಂಪು ಗೆರೆಯವರನ್ನು ಬಿಟ್ಟು ಮುನ್ನೂರ ಹನ್ನೆರಡು ಎಂದು ಬರೆದುಕೊಂಡು ನಿಶ್ಚಿಂತನಾಗಿದ್ದ. ನೇರಳೆ ಮನೆಗಳಿಗೆ ಅವನು ಕಾಲಿಡಲೇ ಇಲ್ಲ. ಹುಟ್ಟು ನೇರಳೆಯವನ ಬಾಗಿಲಿಗೆ ಹೋಗಿ ಮತ ಕೇಳುವುದೆಂದರೆ ಅವನ ರಕ್ತವನ್ನೇ ಅನುಮಾನಿಸಿದಂತೆ ಎಂಬುದು ಊರಿನ ನಂಬಿಕೆ. ಆರು ವಾರವನ್ನೂ ಅವನು ಹಳದಿ ಕೇರಿಗಳಲ್ಲಿ ನಾಯಿ ಅಟ್ಟಿಸಿಕೊಂಡು ಕಳೆದ. ಪೆಟ್ಟಿಗೆಯಲ್ಲಿ ಸಿಕ್ಕ ಮತ ಎಂಬತ್ತೇಳು.

ಮಂಗಳವಾರ ಸಂಜೆ ಜಗಲಿಯಲ್ಲಿ ಸಭೆ ಸೇರಿತು. ಶೋಕಸಭೆಗೆ ಬಂದಂತೆ ಬಂದವರು ಅರ್ಧ ಗಂಟೆಯಲ್ಲಿ ಪೊಲೀಸು ವಿಚಾರಣೆಗೆ ಬಂದವರಂತೆ ಕುಳಿತಿದ್ದರು.

"ಮುನ್ನೂರ ಹನ್ನೆರಡರಲ್ಲಿ ಎಂಬತ್ತೇಳು ಹೋದ್ರೆ ಇನ್ನೂರ ಇಪ್ಪತ್ತೈದು," ಎಂದ ದೆರ್ಲಿಸ್. "ಆ ಇನ್ನೂರ ಇಪ್ಪತ್ತೈದು ದ್ರೋಹಿಗಳು ಯಾರು ಅಂತ ತಿಳಿಯೋವರೆಗೆ ನಾನು ಈ ಕುರ್ಚಿ ಬಿಟ್ಟು ಏಳಲ್ಲ."

ಎಲ್ಲರೂ ಪಕ್ಕದವರ ಮುಖ ನೋಡಿದರು. ಯಾರ ಮಗನಿಗೆ ನಗರಸಭೆಯಲ್ಲಿ ಕೆಲಸ ಸಿಕ್ಕಿತು, ಯಾರ ಮನೆಯ ಮಾಡಿಗೆ ಹೊಸ ತಗಡು ಬಂತು ಎಂಬ ಪಿಸುಮಾತು ಎದ್ದಿತು. ಕೊನೆಗೆ ಎಲ್ಲ ಕಣ್ಣುಗಳೂ ಕಟುಕ ಪಾಬ್ಲಿನೋನ ಮೇಲೆ ನಿಂತವು. ಎಪ್ಪತ್ತೊಂದರ ಆ ಮುದುಕ ಹಳದಿ ಮೇಯರನ ಹುಟ್ಟುಹಬ್ಬದಲ್ಲಿ ಸುಟ್ಟ ಮಾಂಸ ತಿನ್ನುವುದನ್ನು ಮೂವರು ಕಂಡಿದ್ದರು.

"ಆ ದನ ಕಡಿದವನೇ ನಾನು," ಎಂದ ಪಾಬ್ಲಿನೋ. "ಕೂಲಿಗೆ ಹೋಗಿದ್ದೆ. ಊಟಕ್ಕೆ ಕೂತ್ಕೋ ಅಂದ್ರು, ಕೂತೆ."

"ಹಳದಿಯವರ ಎಲುಬು ಕಡಿದ ಬಾಯಿಗೆ ನಮ್ಮ ಬಣ್ಣ ಯಾಕೆ?" ಎಂದಳು ನಿಮಿಯಾ. ಎದ್ದು ಹೋಗಿ ಅವನ ಕೊರಳ ಕರವಸ್ತ್ರವನ್ನು ಎಳೆದುಕೊಂಡಳು. ಗಂಟು ಬಿಗಿಯಾಗಿದ್ದರಿಂದ ಮುದುಕನ ತಲೆ ಒಮ್ಮೆ ಮುಂದಕ್ಕೆ ಬಾಗಿತು. ಅವನು ಎದ್ದ, ಅವನ ಹಿಂದೆ ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಎಲ್ಲ ಸೇರಿ ಹತ್ತೊಂಬತ್ತು ಜನ ಎದ್ದರು. ಹೋಗುವಾಗ, ಹಿಂದೆಂದೋ ತಾವು ಸಮಿತಿಗೆ ಕೊಟ್ಟಿದ್ದ ಎರಡು ಕುರ್ಚಿಗಳನ್ನೂ ಹೊತ್ತುಕೊಂಡು ಹೋದರು.

ಅದೇ ವಾರ ರಾಜಧಾನಿ ಅಸುನ್ಸಿಯೋನಿನ ಪಕ್ಷದ ಕಚೇರಿಯಿಂದ ವಕೀಲ ಮಾರೆಕೋಸನ ಕಾಗದ ಬಂತು. ಸೋತ ಊರುಗಳ ಸಮಿತಿಗಳು ಮಾರ್ಚ್ ಎರಡನೆಯ ಭಾನುವಾರದೊಳಗೆ ಮಹಾಸಭೆ ಕರೆಯಬೇಕು. ಮಧ್ಯಾಹ್ನ ಹನ್ನೆರಡರೊಳಗೆ ನೂರು ಸದಸ್ಯರು ಖುದ್ದಾಗಿ ಬಂದು ಕೂತಿರಬೇಕು, ಸಹಿ ಹಾಕಬೇಕು. ಇಲ್ಲವಾದರೆ ಸಮಿತಿ ರದ್ದಾಗಿ ನೆರೆಯ ಊರಿನದರೊಂದಿಗೆ ವಿಲೀನವಾಗುತ್ತದೆ. ನೆರೆಯೂರಿನ ನೇರಳೆಯವರನ್ನು ಇತಾ ಮೊರೋತಿಯವರು ಹಳದಿಯವರಿಗಿಂತ ಒಂದು ತೂಕ ಹೆಚ್ಚಾಗಿಯೇ ದ್ವೇಷಿಸುತ್ತಿದ್ದರು. ತಂದೆ ಒಲೆಯಲ್ಲಿಟ್ಟು ಉಳಿಸಿದ್ದು ತನ್ನ ಕೈಯಲ್ಲಿ ಅಳಿಯುತ್ತದೆಯೆಂದು ನಿಮಿಯಾಳಿಗೆ ನಿದ್ದೆ ಹತ್ತಲಿಲ್ಲ.

ಮರುದಿನ ಅವಳು ಪುಸ್ತಕ ಹಿಡಿದು ದ್ರೋಹಿಗಳನ್ನು ಹುಡುಕಲು ಹೊರಟಳು. ಮೊದಲನೆಯ ಹೆಸರಿನಿಂದ ಆರಂಭಿಸಿ, ಗೇಟಿನ ಮುಂದೆ ನಿಂತು ಆ ಊರಿನ ಪದ್ಧತಿಯಂತೆ ಚಪ್ಪಾಳೆ ತಟ್ಟಿ, ಒಳಗಿನವರು ಬಂದ ಮೇಲೆ ನೇರವಾಗಿ ಕೇಳುವುದು: ಯಾರಿಗೆ ಹಾಕಿದಿರಿ? ಮೂರನೆಯ ಮನೆಯಲ್ಲಿ ತೆಯೋದುಲೋ ಎಂಬವನ ಹೆಂಡತಿ ಹೊರಗೆ ಬಂದು, ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ತೆಯೋದುಲೋ ಸತ್ತು ಹನ್ನೊಂದು ವರ್ಷ ಆಯ್ತು, ನ್ಯಾ ನಿಮಿಯಾ," ಎಂದಳು. ಹಿರಿಯ ಹೆಂಗಸರನ್ನು ಅಲ್ಲಿ ನ್ಯಾ ಎಂದೇ ಕರೆಯುತ್ತಾರೆ. "ಹೆಣದ ಪೆಟ್ಟಿಗೆಯೊಳಗೆ ಅವನಿಗೆ ತೊಡಿಸಿದ ಅಂಗಿ ಹೊಲಿದವರೇ ನೀವು. ಮರ್ತು ಹೋಯ್ತಾ?"

ನಿಮಿಯಾ ಮರೆತಿರಲಿಲ್ಲ. ತೆಯೋದುಲೋ ಸತ್ತದ್ದು ಅವಳಿಗೆ ಗೊತ್ತಿತ್ತು, ಪುಸ್ತಕಕ್ಕೆ ಗೊತ್ತಿರಲಿಲ್ಲ. ಆ ಎರಡು ತಿಳಿವಳಿಕೆಗಳು ಇಷ್ಟು ವರ್ಷ ಅವಳ ತಲೆಯಲ್ಲಿ ಅಕ್ಕಪಕ್ಕದಲ್ಲಿದ್ದೂ ಒಂದನ್ನೊಂದು ಮಾತಾಡಿಸಿರಲಿಲ್ಲ. ನವೆಂಬರಿನಲ್ಲಿ ಸತ್ತವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯುತ್ತಿದ್ದವಳೇ, ಅಕ್ಟೋಬರಿನಲ್ಲಿ ಉಳಿದವರಂತೆ "ನಾವು ಮುನ್ನೂರ ಹನ್ನೆರಡು" ಎಂದು ಎದೆ ತಟ್ಟಿಕೊಂಡಿದ್ದಳು. ಆದರೂ ಹುಡುಕುವುದನ್ನು ನಿಲ್ಲಿಸಲಿಲ್ಲ, ಮೂರು ವಾರ ನಡೆದು ಕೊನೆಯ ಹೆಸರಿನವರೆಗೂ ಮುಗಿಸಿದಳು. ನೂರ ನಲವತ್ತೊಂದು ಜನ ಸತ್ತಿದ್ದರು. ಅರವತ್ತೆರಡು ಜನ ಬ್ವೇನೊಸ್ ಐರಿಸಿನಲ್ಲೋ ಸ್ಪೇನಿನಲ್ಲೋ ಗಾರೆ ಕಲಸುತ್ತ, ಮುದುಕರನ್ನು ನೋಡಿಕೊಳ್ಳುತ್ತ ಇದ್ದರು. ಊರಿನಲ್ಲಿ ಉಸಿರಾಡುತ್ತಿದ್ದ ನೇರಳೆಯವರು ನೂರ ಒಂಬತ್ತು. ಅವರಲ್ಲಿ ಒಂಬತ್ತು ಮಂದಿ ಹಾಸಿಗೆ ಹಿಡಿದಿದ್ದರು. ಇನ್ನೂರ ಇಪ್ಪತ್ತೈದು ದ್ರೋಹಿಗಳು ಕರಗಿ ಕರಗಿ ಹದಿಮೂರಕ್ಕೆ ಇಳಿದರು. ಪಾಬ್ಲಿನೋ ಆ ಹದಿಮೂರರಲ್ಲಿ ಇರಲಿಲ್ಲ. ಅವನ ಮನೆಗೆ ಅವಳು ಹೋಗಲಿಲ್ಲ, ನೆರೆಯವರಿಂದ ತಿಳಿದುಕೊಂಡಳು.

ದೆರ್ಲಿಸನಿಗೆ ಇದನ್ನು ಹೇಳಿದಾಗ ಅವನು ತಾನು ಬರೆದುಕೊಂಡಿದ್ದ ಮುನ್ನೂರ ಹನ್ನೆರಡನ್ನು ಗೀಚಿ ಹಾಕಿದ.

"ಅಂದ್ರೆ ನೀವು ನನ್ನನ್ನ ಸ್ಮಶಾನಕ್ಕೆ ಅಭ್ಯರ್ಥಿ ಮಾಡಿದ್ರಿ."

"ಎಣಿಸಿದವನು ನೀನು."

"ಎಣಿಸೋಕೆ ಪುಸ್ತಕ ಕೊಟ್ಟವರು ನೀವು. ಒಂದು ಶಿಲುಬೆ ಗುರುತು ಹಾಕಿದ್ರೆ ನಿಮ್ಮಪ್ಪ ಎದ್ದು ಬಂದು ಹೊಡೀತಿದ್ರಾ?"

ಅವನು ಅಂದೇ ಬೇರೆ ಪುಸ್ತಕ ತಂದು ಜಗಲಿಯ ಮೇಜಿನ ಮೇಲೆ ಬಡಿದಿಟ್ಟ. ಬದುಕಿದವರನ್ನು ಇದರಲ್ಲಿ ಬರೆಯಬೇಕು, ಹಳೆಯದು ಪೂಜೆಗೆ ಇರಲಿ ಎಂದ. ಒಲ್ಲದ ಕೈಯಿಂದ ನಿಮಿಯಾ ಬರೆಯಲು ಕುಳಿತಳು. ಹಾಸಿಗೆ ಹಿಡಿದವರು, ಪಾಬ್ಲಿನೋನ ಹಿಂದೆ ಹೋದವರು, ಇನ್ನು ಈ ಜಗಲಿ ಹತ್ತುವುದಿಲ್ಲ ಎಂದು ಮುಖದ ಮೇಲೆ ಹೇಳಿದವರು, ಎಲ್ಲರನ್ನೂ ಕಳೆದರೆ ಸಭೆಗೆ ಬರಬಹುದಾದವರು ಎಪ್ಪತ್ತೆಂಟು. ಬೇಕಾದದ್ದು ನೂರು.

ಕೆಂಪು ಗೆರೆಯವರನ್ನು ಕರೆಯುವ ಯೋಚನೆ ಯಾರದೆಂಬುದರಲ್ಲಿ ಎರಡು ಮಾತಿದೆ. ದೆರ್ಲಿಸ್ ತನ್ನದೆನ್ನುತ್ತಾನೆ. ನಿಮಿಯಾ ಹೇಳುವುದು ಬೇರೆ: ಹಳೆಯ ಪುಸ್ತಕದಲ್ಲಿ ಬದುಕಿದವರಿಗಾಗಿ ಪುಟ ತಿರುಗಿಸುತ್ತ ಹೋದಂತೆ, ಅವರಲ್ಲಿ ಎಷ್ಟೋ ಮಂದಿ ಸಿಕ್ಕಿದ್ದು ಕೆಂಪು ಗೆರೆಯ ಕೆಳಗೆ. ಸತ್ತವರನ್ನು ಜೋಪಾನ ಮಾಡಿ ಜೀವಂತ ಹೆಂಗಸರನ್ನು ಹೊಡೆದುಹಾಕಿದ ಪುಸ್ತಕ ಅದು. ಊರಿನಲ್ಲೇ ಇದ್ದ ಅಂಥವರು ಇಪ್ಪತ್ತೊಂಬತ್ತು ಮಂದಿ. ಅವರಲ್ಲಿ ಅರ್ಧದಷ್ಟು ಜನ ಸಂತೆಯಲ್ಲಿ ಮರಗೆಣಸು, ಗೆಣಸಿನ ಹಿಟ್ಟು, ಗಿಣ್ಣು ಮಾರುವವರು. ಸಂತೆ ಹೆಂಗಸರ ಸಂಘಕ್ಕೆ ಮುಖ್ಯಸ್ಥೆ ಎಲಿಹಿಯಾ. ತಂಗಿ ಬಂದರೆ ಎಲ್ಲರೂ ಬರುತ್ತಾರೆ, ಬಾರದಿದ್ದರೆ ಒಬ್ಬರೂ ಇಲ್ಲ.

ಜನವರಿಯ ಸುಡುವ ಮಧ್ಯಾಹ್ನವೊಂದರಲ್ಲಿ ನಿಮಿಯಾ ತಂಗಿಯ ಗೇಟಿನ ಮುಂದೆ ನಿಂತು ಚಪ್ಪಾಳೆ ತಟ್ಟಿದಳು. ಮಾವಿನ ಮರದ ಕೆಳಗೆ ಎಲಿಹಿಯಾ ಇನ್ನು ಮೂವರು ಹೆಂಗಸರೊಂದಿಗೆ ಕುಳಿತು ತೆರೆರೆ ಕುಡಿಯುತ್ತಿದ್ದಳು. ಸೊಪ್ಪಿನ ಮೇಲೆ ತಣ್ಣೀರು ಸುರಿದ ಕೊಂಬಿನ ಲೋಟ ಒಂದೇ, ಹೀರುವ ಕೊಳವೆ ಒಂದೇ. ಅದು ಕೈಯಿಂದ ಕೈಗೆ ಸುತ್ತುತ್ತಿತ್ತು. ಮೂರನೆಯ ಚಪ್ಪಾಳೆಯವರೆಗೂ ಯಾರೂ ತಲೆಯೆತ್ತಲಿಲ್ಲ.

"ಯಾರು ಬೇಕಾಗಿತ್ತು?" ಎಂದಳು ಎಲಿಹಿಯಾ.

"ನಾನು, ಎಲಿಹಿಯಾ."

"ಕಾಣ್ತಿದೆ. ನ್ಯಾ ನಿಮಿಯಾ ಒವೆಲಾರ್. ಸಮವಸ್ತ್ರ ಹೊಲಿಯೋರು. ಶಾಲೆಗೆ ಹೋಗೋ ಮಕ್ಕಳು ಈ ಮನೇಲಿ ಇಲ್ಲ."

ಹೆಂಗಸರು ನಕ್ಕರು. ಒಡಹುಟ್ಟಿದವಳನ್ನು ಊರಿನವರಂತೆ ಕರೆದದ್ದು ಬಾಗಿಲನ್ನು ಮುಖದ ಮೇಲೆ ಹಾಕಿದಂತಿತ್ತು. ಆದರೂ ನಿಮಿಯಾ ಒಳಗೆ ಬಂದಳು. ಕೂರಲು ಯಾರೂ ಹೇಳಲಿಲ್ಲ. ಕೊಂಬಿನ ಲೋಟ ಎರಡು ಸುತ್ತು ಬಂತು, ಎರಡು ಸಲವೂ ಅವಳನ್ನು ದಾಟಿಕೊಂಡೇ ಹೋಯಿತು. ಆ ಸೆಕೆಯಲ್ಲಿ ದಾರಿಹೋಕನಿಗೂ ಅಲ್ಲಿ ತೆರೆರೆ ಕೊಡದೆ ಬಿಡುವುದಿಲ್ಲ. ಅವಳು ನಿಂತೇ ಬಂದ ವಿಷಯ ಹೇಳಿದಳು: ಮಾರ್ಚಿನ ಸಭೆ, ನೂರು ಸಹಿ, ಎಪ್ಪತ್ತೆಂಟು ಜನ. ದಯವಿಟ್ಟು ಎಂಬ ಪದ ಅವಳ ಬಾಯಿಗೆ ಬರಲಿಲ್ಲ.

"ನನ್ನ ಗಂಡ ಸತ್ತಾಗ ಈ ಅಂಗಳದಲ್ಲಿ ಒಂಬತ್ತು ದಿನ ಪ್ರಾರ್ಥನೆ ಆಯ್ತು," ಎಂದಳು ಎಲಿಹಿಯಾ. "ಹಳದಿಯವರು ಬಂದ್ರು, ಪಾದ್ರಿ ಬಂದ್ರು. ಪಾಬ್ಲಿನೋ ಒಂಬತ್ತು ದಿನಾನೂ ಬಂದ, ಕೊರಳಿಗೆ ನೇರಳೆ ಕಟ್ಕೊಂಡೇ ಬಂದ. ನೀವೆಲ್ಲಿದ್ರಿ?"

"ಅದು ಹಳದಿ ಮನೆ."

"ಹೆಣಕ್ಕೂ ಬಣ್ಣ ಬಳೀತೀರಾ?"

ತಂದೆಯ ಪುಸ್ತಕದ ಪ್ರಕಾರ ಹೆಣಕ್ಕೂ ಬಣ್ಣವಿತ್ತು.

"ನನ್ನ ಹೆಸರು ಹೊಡೆದ ಮೇಲೆ ನಾನು ಹಳದಿಗೆ ಹಾಕಿದೆ ಅಂದ್ಕೊಂಡಿರಾ? ಮೂವತ್ತನಾಲ್ಕು ವರ್ಷ ಖಾಲಿ ಮತ ಹಾಕಿದೀನಿ. ಇವರೂ ಅಷ್ಟೇ. ಹಾಕೋರು ಇದ್ವಿ. ಕೇಳೋರು ಇರಲಿಲ್ಲ."

ಅಷ್ಟರಲ್ಲಿ ಎಲಿಹಿಯಾಳ ಕಣ್ಣು ಅಕ್ಕನ ಕಂಕುಳಲ್ಲಿದ್ದ ಹಳೆಯ ಪುಸ್ತಕದ ಮೇಲೆ ಬಿತ್ತು. ಕರಕಲಾದ ಮೂಲೆ ಉದುರದಿರಲೆಂದು ನಿಮಿಯಾ ಅದಕ್ಕೆ ಬಟ್ಟೆಯ ಹೊದಿಕೆ ಹೊಲಿದಿದ್ದಳು. ಬಟ್ಟೆಯೆಂದರೆ ಅಂದು ಸಮಿತಿಗೆ ವಾಪಸಾದ ನೇರಳೆ ರೇಷ್ಮೆಯ ಕರವಸ್ತ್ರ; ಅಂಚಿನಲ್ಲಿ ಎ ಮತ್ತು ಒ ಎಂಬ ಎರಡು ಕಸೂತಿ ಅಕ್ಷರ. ತಂಗಿಯ ಹದಿನೈದನೆಯ ಹುಟ್ಟುಹಬ್ಬಕ್ಕೆ ನಿಮಿಯಾಳೇ ತೆಗೆದ ಕಸೂತಿ ಅದು.

ಎಲಿಹಿಯಾ ಎದ್ದು ಬಂದು ಆ ಅಕ್ಷರಗಳ ಮೇಲೆ ಬೆರಳಿಟ್ಟಳು.

"ನನ್ನನ್ನ ಒಳಗಿಂದ ಹೊಡೆದು, ಹೊರಗೆ ನನ್ನ ಬಟ್ಟೇನೇ ಉಡಿಸಿದ್ದೀರಿ. ಇದನ್ನ ಬಿಚ್ಚಿ ಕೊಡಿ. ಆಮೇಲೆ ಎಲ್ಲಿ ಗೆರೆ ಎಳೆದ್ರೋ ಅದೇ ಜಾಗದಲ್ಲಿ ನಮ್ಮ ಹೆಸರು ಬರೀರಿ. ಸಭೆ ದಿನ, ಎಲ್ಲರ ಎದುರಿಗೆ, ನಿಮ್ಮ ಕೈಯಿಂದ. ಅವತ್ತು ಬರ್ತೀವಿ."

"ಅಪ್ಪನ ಪುಸ್ತಕಾನ ನಾನು ಬೀದೀಲಿ ಬತ್ತಲೆ ಮಾಡಲ್ಲ."

"ಹಾಗಾದ್ರೆ ಸತ್ತವರ ಹತ್ರಾನೇ ಸಹಿ ಹಾಕಿಸ್ಕೊಳ್ಳಿ. ಅವರು ನಿಮ್ಮ ಮಾತು ಮೀರಲ್ಲ."

ನಿಮಿಯಾ ಹಿಂದಿರುಗಿ ನೋಡದೆ ಹೊರಟುಹೋದಳು. ಆರು ವಾರ ಬೇರೆ ಸಹಿಗಳಿಗಾಗಿ ಅಲೆದಳು. ಸಿಕ್ಕಿದ್ದು ಊದಿದ ಪಾದ ಮಾತ್ರ.

ಮಾರ್ಚಿನ ಆ ಭಾನುವಾರ ಬೆಳಿಗ್ಗೆ ಎಂಟಕ್ಕೇ ವಕೀಲ ಮಾರೆಕೋಸ್ ಬಂದ. ಗಂಜಿ ಹಾಕಿದ ಅಂಗಿ, ಸಣ್ಣ ಮೀಸೆ. ವಿಲೀನದ ಕಾಗದವನ್ನು ಮೊದಲೇ ತುಂಬಿ ತಂದಿದ್ದ, ತಾರೀಖು ಬರೆಯುವುದಷ್ಟೇ ಬಾಕಿ. ಅಂಗಳದ ಮೇಜಿನ ಹಿಂದೆ ಕುಳಿತು ಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡ. ಹತ್ತು ಗಂಟೆಗೆ ಐವತ್ತೆಂಟು ಸಹಿ ಬಿದ್ದಿದ್ದವು, ಹನ್ನೊಂದಕ್ಕೆ ಎಪ್ಪತ್ತಾರು. ಬರುತ್ತೇವೆಂದವರಲ್ಲಿ ಇಬ್ಬರು ಬರಲೇ ಇಲ್ಲ. ಅಲ್ಲಿಂದ ಮುಂದೆ ಗೇಟು ಸದ್ದು ಮಾಡಲಿಲ್ಲ. ರಸ್ತೆಯಾಚೆ ಹಳದಿಯವರು ಕುರ್ಚಿ ಹಾಕಿಕೊಂಡು, ಶವಸಂಸ್ಕಾರ ನೋಡುವವರಂತೆ ನೋಡುತ್ತ ತೆರೆರೆ ಕುಡಿಯುತ್ತಿದ್ದರು.

ಹನ್ನೊಂದೂವರೆಗೆ ಗೇಟಿನಲ್ಲಿ ಚಪ್ಪಾಳೆ ಕೇಳಿತು. ಎಲಿಹಿಯಾ ನಿಂತಿದ್ದಳು, ಹಿಂದೆ ಇಪ್ಪತ್ತೈದು ಹೆಂಗಸರು. ಯಾರೂ ಒಳಗೆ ಬರಲಿಲ್ಲ. ಎಲಿಹಿಯಾ ಕೈ ಕಟ್ಟಿಕೊಂಡು ಅಕ್ಕನ ಮುಖ ನೋಡುತ್ತ ನಿಂತಳು.

ನಿಮಿಯಾ ಗಡಿಯಾರವನ್ನು ನೋಡಿದಳು, ಎಪ್ಪತ್ತಾರು ಸಹಿಯ ಹಾಳೆಯನ್ನು ನೋಡಿದಳು. ಆಮೇಲೆ ಲಂಗದ ಜೇಬಿನಿಂದ ಹೊಲಿಗೆ ಬಿಚ್ಚುವ ಪುಟ್ಟ ಕತ್ತರಿ ತೆಗೆದು, ಹಳೆಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಹೊದಿಕೆಯನ್ನು ತಾನೇ ಒತ್ತೊತ್ತಾಗಿ, ಎರಡು ಸುತ್ತು ಹಾಕಿ ಹೊಲಿದಿದ್ದಳು; ಹೊಲಿಗೆ ಸುಲಭಕ್ಕೆ ಬಿಡಲಿಲ್ಲ. ಹನ್ನೊಂದು ನಿಮಿಷ ಹಿಡಿಯಿತು. ಕೊನೆಯ ದಾರ ಕಿತ್ತಾಗ ಸುಟ್ಟ ಮೂಲೆಯ ಕಾಗದ ಕರಿಪುಡಿಯಾಗಿ ಅವಳ ಮಡಿಲಿಗೆ ಉದುರಿತು. ಅವಳು ಅದನ್ನು ಕೊಡವಲಿಲ್ಲ. ಗೇಟಿನವರೆಗೆ ನಡೆದು ಕರವಸ್ತ್ರವನ್ನು ಚಾಚಿದಳು.

ಎಲಿಹಿಯಾ ಅದನ್ನು ತೆಗೆದುಕೊಂಡು ಒಳಗೆ ಬಂದಳು. ಕೊರಳಿಗೆ ಕಟ್ಟಲಿಲ್ಲ. ಮೊದಲನೆಯ ಸಾಲಿನ ಕುರ್ಚಿಯೊಂದರ ಧೂಳನ್ನು ಅದರಿಂದಲೇ ಒರೆಸಿ ಕುಳಿತಳು. ಹಿಂದಿದ್ದ ಇಪ್ಪತ್ತೈದು ಹೆಂಗಸರೂ ಬಂದು ಕುಳಿತರು.

ನಿಮಿಯಾ ಒಂದೊಂದು ಪುಟ ತಿರುಗಿಸಿ, ಕೆಂಪು ಗೆರೆಗಳ ಮೇಲೆ ಇಪ್ಪತ್ತಾರು ಹೆಸರುಗಳನ್ನು ಮತ್ತೆ ಬರೆದಳು. ಹದಿನೇಳನೆಯ ಹೆಸರಿಗೆ ಚರ್ಚಿನ ಗಂಟೆ ಹನ್ನೆರಡು ಬಾರಿಸಿತು. ಮಾರೆಕೋಸ್ ಪೆನ್ನಿನ ಮುಚ್ಚಳ ತೆಗೆದು, ಸಮಯ ಮುಗಿಯಿತು ಎಂದ. ದೆರ್ಲಿಸ್, ಸಭೆ ಕರೆಯಲು ಹೇಳಿ ಬಂದಿದ್ದ ಕಾಗದವನ್ನು ಅವನ ಮೂಗಿನ ಹತ್ತಿರ ಹಿಡಿದ.

"ವಕೀಲರೇ, ಹನ್ನೆರಡಕ್ಕೆ ಮುಂಚೆ ಸಭೆಗೆ ಬಂದು ಕೂತವರೆಲ್ಲ ಸಹಿ ಹಾಕಬಹುದು ಅಂತ ಬರೆದವರು ನೀವೇ. ಓದಿ. ಇಲ್ಲಾಂದ್ರೆ ನಾನೇ ಓದ್ತೀನಿ, ರಸ್ತೆಯಾಚೆ ಇರೋರಿಗೂ ಕೇಳೋ ಹಾಗೆ."

ಮಾರೆಕೋಸ್ ಪೆನ್ನಿಗೆ ಮುಚ್ಚಳ ಹಾಕಿದ. ಸಹಿಗಳು ನೂರ ಎರಡಾದವು. ಸಮಿತಿ ಉಳಿಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಯಾರನ್ನೂ ಅಪ್ಪಿಕೊಳ್ಳಲಿಲ್ಲ. ಮಹಾಸಭೆಯ ಮುಂದಿನ ಕಲಾಪ ಅಧ್ಯಕ್ಷರ ಆಯ್ಕೆ. ಮೂವತ್ತು ವರ್ಷದಿಂದ ಅದು ನಿಮಿಯಾಳ ಹೆಸರು ಹೇಳಿ, ಹೌದು ಎಂದು, ಚೀಪಾ ಹಂಚುವ ಕೆಲಸವಾಗಿತ್ತು. ಈ ಸಲ ದೆರ್ಲಿಸ್ ಎದ್ದು ಎಲಿಹಿಯಾಳ ಹೆಸರು ಸೂಚಿಸಿದ. ನಿಮಿಯಾ ಅವನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕಿತ್ತು. ಕೈಯೆತ್ತಿಸಿ ಎಣಿಸಿದರು: ಎಲಿಹಿಯಾಳಿಗೆ ಅರವತ್ತಮೂರು, ನಿಮಿಯಾಳಿಗೆ ಮೂವತ್ತೇಳು, ಇಬ್ಬರು ಕೈಯೆತ್ತಲಿಲ್ಲ. ಮೂವತ್ತೇಳರಲ್ಲಿ ಒಂದು ಅವಳದೇ ಕೈ. ತಾನು ಬರೆದುಕೊಂಡ ಹೆಸರುಗಳಿಂದಲೇ ಅವಳು ಸೋತಳು.

ಅವಳು ಎರಡೂ ಪುಸ್ತಕಗಳನ್ನು ತಂದು ತಂಗಿಯ ಮುಂದಿಟ್ಟಳು. ಎಲಿಹಿಯಾ ಹೊಸದನ್ನು ತೆಗೆದುಕೊಂಡು, ಹಳೆಯದನ್ನು ಒಂದು ಬೆರಳಿನಿಂದ ಹಿಂದಕ್ಕೆ ದೂಡಿದಳು.

"ಅದು ನಿನ್ನ ಹತ್ರಾನೇ ಇರಲಿ. ಸತ್ತವರಿಗೂ ನಿನ್ಗೂ ಚೆನ್ನಾಗಿ ಹೊಂದುತ್ತೆ," ಎಂದಳು. ಮೂವತ್ತನಾಲ್ಕು ವರ್ಷದ ಮೇಲೆ ಅವಳು ಅಕ್ಕನನ್ನು ನೀನು ಎಂದದ್ದು ಹೀಗೆ. "ಇನ್ನು ಮೇಲೆ ತಿಂಗಳಿಗೊಂದ್ಸಲ ಪ್ರತಿ ಮನೆಗೂ ಹೋಗ್ಬೇಕು. ಮದುವೆ, ಸಾವು, ಹೆರಿಗೆ, ಬಣ್ಣ ನೋಡದೆ ಹೋಗ್ಬೇಕು. ಮತ ಕೇಳೋಕೆ ನಾಚಿಕೆ ಪಡೋರು ಈಗಲೇ ಎದ್ದು ಹೋಗಿ."

ಯಾರೂ ಏಳಲಿಲ್ಲ. ಎಲಿಹಿಯಾ ಕೇರಿಗಳನ್ನು ಹಂಚಿದಳು. ನಿಮಿಯಾಳ ಪಾಲಿಗೆ ಒಂದೇ ಮನೆ ಬಂತು.

"ಪಾಬ್ಲಿನೋನ ಮನೆ. ಅವನ ಕರವಸ್ತ್ರ ನಿನ್ನ ಹತ್ರ ಇದೆಯಲ್ಲ, ಒಗೆದು ಇಸ್ತ್ರಿ ಮಾಡಿ ತಗೊಂಡು ಹೋಗು. ಹತ್ತೊಂಬತ್ತು ಜನ. ಅವರು ಬಾರದೆ ನೀನು ಈ ಅಂಗಳದಲ್ಲಿ ಬಾಯಿ ಬಿಡಬೇಡ."

ಅದು ನಿಮಿಯಾಳದೇ ಅಂಗಳವಾಗಿತ್ತು. ಅವಳು ಬಾಯಿ ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ, ಕಟುಕರು ಕೆಲಸ ಮುಗಿಸಿ ಕೈ ತೊಳೆಯುವ ಹೊತ್ತಿಗೆ, ಅವಳು ಮಡಿಸಿದ ಕರವಸ್ತ್ರ ಹಿಡಿದು ಆ ಗೇಟಿನ ಮುಂದೆ ನಿಂತಳು. ಚಪ್ಪಾಳೆ ತಟ್ಟಿದಳು. ಒಳಗೆ ಮಾತು ನಿಂತಿತು. ಕಿಟಕಿಯ ಪರದೆ ಸ್ವಲ್ಪ ಸರಿದು ಮತ್ತೆ ಮುಚ್ಚಿತು. ಎರಡನೆಯ ಸಲ ತಟ್ಟಿದಾಗ ಯಾರೋ ರೇಡಿಯೋದ ಸದ್ದನ್ನು ಏರಿಸಿದರು. ಜಗಲಿಯಲ್ಲಿ, ಸಮಿತಿಯಿಂದ ವಾಪಸು ಬಂದ ಎರಡು ಕುರ್ಚಿಗಳು ಅವಳಿಗೆ ಬೆನ್ನು ಮಾಡಿ ನಿಂತಿದ್ದವು.

ಹಿಂದಿನ ನಿಮಿಯಾ ಆಗಿದ್ದರೆ ಈ ಮನೆಯ ಮುಂದೆ ಇನ್ನೆಂದೂ ನೆರಳು ಹಾಯಿಸುತ್ತಿರಲಿಲ್ಲ. ಅವಳು ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಮನಸ್ಸಿನಲ್ಲೇ ತಂಗಿಯನ್ನು ಬಾಯಿ ತುಂಬ ಬೈದು, ಊದಿದ ಪಾದಗಳನ್ನು ಚಪ್ಪಲಿಯಿಂದ ಹೊರಗೆ ತೆಗೆದು ಕೆಂಪು ಮಣ್ಣಿನ ಮೇಲೆ ಊರಿ ನಿಂತಳು. ಆಮೇಲೆ ಮೂರನೆಯ ಸಲ, ಇನ್ನೂ ಜೋರಾಗಿ, ತಟ್ಟಿದಳು.